ಆಧಾರ್: ಯಾರಿಗೆ, ಯಾವುದಕ್ಕೆ, ಎಷ್ಟು? – ಪ್ರೌಢಶಾಲಾ ತರಗತಿಗೊಂದು ವಿವರಣೆ

ಗಣಿತ ಮತ್ತು ಭೌತಶಾಸ್ತ್ರವನ್ನು ಬೋಧನಾ ವಿಷಯಗಳಾಗಿ ತೆಗೆದುಕೊಂಡಿರುವ ನನ್ನಂಥ ಪ್ರಶಿಕ್ಷಣಾರ್ಥಿಗಳಿಗೆ ಆಧಾರ್ ಪಾಠದ ವಿಷಯವಲ್ಲ ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. ಆದರೆ ಅಭ್ಯಾಸ ಬೋಧನೆಗೆಂದು ಶಾಲೆಗೆ ಹೋದ ಮೊದಲ ವಾರದಲ್ಲೇ ಅದು ನಮ್ಮ ಕೈಗೆ ಬರುತ್ತದೆ. ವಿದ್ಯಾರ್ಥಿವೇತನದ ಅರ್ಜಿ, ಸ್ಯಾಟ್ಸ್ ನಮೂದು, ಬ್ಯಾಂಕ್ ಖಾತೆಯ ಜೋಡಣೆ, ಅಪಾರ್ ಸಮ್ಮತಿ ಪತ್ರ, ಇವೆಲ್ಲಕ್ಕೂ ಮಕ್ಕಳಿಂದ ಆಧಾರ್ ವಿವರ ಸಂಗ್ರಹಿಸುವ ಕೆಲಸದಲ್ಲಿ ಪ್ರಶಿಕ್ಷಣಾರ್ಥಿಗಳ ನೆರವನ್ನೂ ಪಡೆಯುತ್ತಾರೆ. ಮಕ್ಕಳು ಪ್ರಶ್ನೆಯನ್ನೂ ಕೇಳುತ್ತಾರೆ. ಹೀಗಾಗಿ ಒಂಬತ್ತನೇ ತರಗತಿಗೆ ಈ ವಿಷಯದ ಮೇಲೆ ಎರಡು ಅವಧಿಗಳ ಪಾಠವನ್ನು ಯೋಜಿಸಿದೆ. ಅದಕ್ಕಾಗಿ ಓದಿ ತಿಳಿದದ್ದನ್ನೂ ತರಗತಿಯಲ್ಲಿ ಉಪಯೋಗಕ್ಕೆ ಬಂದದ್ದನ್ನೂ ಇಲ್ಲಿ ಕೊಟ್ಟಿದ್ದೇನೆ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟು. ಆಧಾರ್‌ನಿಂದ ಸಿಗುವ ಪ್ರಯೋಜನಕ್ಕೂ ಅದರಿಂದ ಬರುವ ಅಪಾಯಕ್ಕೂ ಕಾರಣ ಒಂದೇ: ಒಂದೇ ಸಂಖ್ಯೆ ಒಬ್ಬ ವ್ಯಕ್ತಿಯ ಹಲವು ದಾಖಲೆಗಳನ್ನು ಜೋಡಿಸುತ್ತದೆ. ಆದ್ದರಿಂದ ‘ಆಧಾರ್ ಒಳ್ಳೆಯದೋ ಕೆಟ್ಟದ್ದೋ’ ಎಂಬ ಚರ್ಚಾಸ್ಪರ್ಧೆಯ ಪ್ರಶ್ನೆಯಿಂದ ಮಕ್ಕಳಿಗೆ ಹೆಚ್ಚು ಸಿಗುವುದಿಲ್ಲ. ‘ಇಲ್ಲಿ ಏನನ್ನು ಸಾಬೀತುಪಡಿಸಬೇಕಾಗಿದೆ? ಅದಕ್ಕೆ ಎಷ್ಟು ವಿವರ ಕೊಟ್ಟರೆ ಸಾಕು?’ ಎಂದು ಕೇಳುವುದನ್ನು ಕಲಿಸಿದರೆ ಅದು ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ.

ಆಧಾರ್ ಏನು, ಏನಲ್ಲ

ಭಾರತೀಯ ವಿಶಿಷ್ಟ ಗುರುತಿನ ಪ್ರಾಧಿಕಾರವು 2009ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನ ನಂದನ್ ನಿಲೇಕಣಿ ಅದರ ಮೊದಲ ಅಧ್ಯಕ್ಷರು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭಲಿ ಗ್ರಾಮದಲ್ಲಿ ಮೊದಲ ಆಧಾರ್ ಸಂಖ್ಯೆಗಳನ್ನು ವಿತರಿಸಲಾಯಿತು. ಇದಕ್ಕೆ ಪ್ರತ್ಯೇಕ ಕಾಯ್ದೆ ಬಂದದ್ದು 2016ರಲ್ಲಿ. ಈವರೆಗೆ ನೀಡಿರುವ ಸಂಖ್ಯೆಗಳು 130 ಕೋಟಿಗೂ ಹೆಚ್ಚು.

ನೋಂದಣಿಯ ವೇಳೆ ಹೆಸರು, ವಿಳಾಸ, ಹುಟ್ಟಿದ ದಿನಾಂಕ, ಲಿಂಗ ಇವುಗಳ ಜೊತೆಗೆ ಭಾವಚಿತ್ರ, ಹತ್ತೂ ಬೆರಳುಗಳ ಅಚ್ಚು ಮತ್ತು ಎರಡೂ ಕಣ್ಣಿನ ಪಾಪೆಯ ಚಿತ್ರ ತೆಗೆದುಕೊಳ್ಳುತ್ತಾರೆ. ಐದು ವರ್ಷದೊಳಗಿನ ಮಕ್ಕಳ ಬೆರಳಚ್ಚು ಮತ್ತು ಪಾಪೆಯ ಚಿತ್ರ ತೆಗೆಯುವುದಿಲ್ಲ. ಐದು ತುಂಬಿದಾಗ ಒಮ್ಮೆ, ಹದಿನೈದು ತುಂಬಿದಾಗ ಇನ್ನೊಮ್ಮೆ ಬೆರಳಚ್ಚನ್ನು ನವೀಕರಿಸಬೇಕು. ಎರಡನೆಯದು ನಮ್ಮ ಒಂಬತ್ತು-ಹತ್ತನೇ ತರಗತಿಯ ಮಕ್ಕಳ ವಯಸ್ಸಿಗೇ ಬರುತ್ತದೆ. ಪ್ರೌಢಶಾಲಾ ಶಿಕ್ಷಕರು ಇದನ್ನು ಪೋಷಕರ ಸಭೆಯಲ್ಲಿ ನೆನಪಿಸುವುದು ಒಳ್ಳೆಯದು.

‘ಆಧಾರ್ ಇದ್ದರೆ ನಾವು ಭಾರತೀಯರು’ ಎಂದು ತರಗತಿಯಲ್ಲಿ ಅನೇಕ ಮಕ್ಕಳು ಹೇಳಿದರು. ಇದು ಸರಿಯಲ್ಲ. ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಭಾರತದಲ್ಲಿ ವಾಸವಿದ್ದವರು ಆಧಾರ್ ಪಡೆಯಬಹುದು ಎಂದು ಕಾಯ್ದೆ ಹೇಳಿತು. ಆಧಾರ್ ಪೌರತ್ವದ ಪುರಾವೆಯಲ್ಲ ಎಂಬುದನ್ನೂ ಅದೇ ಕಾಯ್ದೆಯ 9ನೇ ಕಲಂ ಸ್ಪಷ್ಟಪಡಿಸಿದೆ. ‘ಈ ವ್ಯಕ್ತಿ ಯಾರು’ ಎಂಬುದಕ್ಕೆ ಆಧಾರ್ ಉತ್ತರ ಕೊಡುತ್ತದೆ. ‘ಈ ವ್ಯಕ್ತಿಗೆ ಯಾವ ಹಕ್ಕುಗಳಿವೆ’ ಎಂಬುದಕ್ಕೆ ಉತ್ತರ ಕೊಡುವುದಿಲ್ಲ.

ಸಂಖ್ಯೆಯೊಳಗಿನ ಗಣಿತ

ಆಧಾರ್ ಸಂಖ್ಯೆಯಲ್ಲಿ 12 ಅಂಕಿಗಳಿವೆ. ಮೊದಲ ಅಂಕಿ 0 ಅಥವಾ 1 ಆಗಿರುವುದಿಲ್ಲ. ಕೊನೆಯ ಅಂಕಿ ಉಳಿದ 11 ಅಂಕಿಗಳಿಂದ ಲೆಕ್ಕ ಹಾಕಿ ಬರುವ ತಾಳೆಯ ಅಂಕಿ. ಹಾಗಾದರೆ ಎಷ್ಟು ಸಂಖ್ಯೆಗಳು ಸಾಧ್ಯ? ಮೊದಲ ಸ್ಥಾನಕ್ಕೆ 8 ಆಯ್ಕೆ, ಮುಂದಿನ ಹತ್ತು ಸ್ಥಾನಗಳಿಗೆ ತಲಾ 10 ಆಯ್ಕೆ, ಕೊನೆಯದಕ್ಕೆ ಒಂದೇ. ಒಟ್ಟು 8,000 ಕೋಟಿ. ಎಣಿಕೆಯ ಮೂಲತತ್ತ್ವಕ್ಕೆ ಮಕ್ಕಳ ಕೈಯಲ್ಲೇ ಇರುವ ಉದಾಹರಣೆ ಇದು.

ತಾಳೆಯ ಅಂಕಿ ಏಕೆ ಬೇಕು ಎಂಬುದನ್ನು ಸರಳ ಚಟುವಟಿಕೆಯಿಂದ ತೋರಿಸಿದೆ. 472 ಎಂಬ ಸಂಖ್ಯೆ ತೆಗೆದುಕೊಳ್ಳಿ. ಅಂಕಿಗಳ ಮೊತ್ತ 13. ಮೊತ್ತ ಹತ್ತರ ಅಪವರ್ತ್ಯ ಆಗುವಂತೆ ಕೊನೆಗೆ 7 ಸೇರಿಸಿದರೆ 4727 ಆಗುತ್ತದೆ. ಯಾರಾದರೂ ಇದನ್ನು 4827 ಎಂದು ಬರೆದರೆ ಮೊತ್ತ 21 ಆಗಿ ತಪ್ಪು ಗೊತ್ತಾಗುತ್ತದೆ. ಆದರೆ 7427 ಎಂದು ಅದಲುಬದಲು ಬರೆದರೆ ಮೊತ್ತ 20 ಆಗಿಯೇ ಉಳಿಯುತ್ತದೆ, ತಪ್ಪು ಸಿಕ್ಕುವುದಿಲ್ಲ. ನಾವು ಬರೆಯುವಾಗ ಹೆಚ್ಚಾಗಿ ಮಾಡುವುದು ಈ ಎರಡು ಬಗೆಯ ತಪ್ಪುಗಳನ್ನೇ. ಇವೆರಡನ್ನೂ ತಪ್ಪದೆ ಹಿಡಿಯುವ ವಿಧಾನವನ್ನು ಡಚ್ ಗಣಿತಜ್ಞ ಯಾಕೋಬಸ್ ವೆರ್‌ಹೂಫ್ 1969ರಲ್ಲಿ ಪ್ರಕಟಿಸಿದರು. ಆಧಾರ್‌ನಲ್ಲಿ ಬಳಕೆಯಾಗಿರುವುದು ಆ ವಿಧಾನವೇ. ಪೂರ್ಣ ವಿಧಾನ ಒಂಬತ್ತನೇ ತರಗತಿಗೆ ಕಷ್ಟ. ಮೊತ್ತದ ವಿಧಾನ ಎಲ್ಲಿ ಸೋಲುತ್ತದೆ ಎಂದು ಕಂಡುಕೊಂಡರೆ ಈ ಹಂತಕ್ಕೆ ಸಾಕು.

ಇನ್ನೊಂದು ವಿಶೇಷವೆಂದರೆ ಈ ಸಂಖ್ಯೆ ಯಾದೃಚ್ಛಿಕವಾದದ್ದು. ಅದನ್ನು ನೋಡಿ ರಾಜ್ಯ, ಜಿಲ್ಲೆ, ಜಾತಿ, ವಯಸ್ಸು ಯಾವುದನ್ನೂ ಹೇಳಲಾಗದು. ಇದು ಖಾಸಗಿತನವನ್ನು ಗಮನದಲ್ಲಿಟ್ಟುಕೊಂಡು ಮಾಡಿದ ಒಳ್ಳೆಯ ಆಯ್ಕೆ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು.

ಮೂರು ಬೇರೆ ಬೇರೆ ಪ್ರಶ್ನೆಗಳು

ಇಲ್ಲಿಂದ ಪಾಠದ ಮುಖ್ಯ ಭಾಗಕ್ಕೆ ಬರಬಹುದು. ಯಾರೋ ಒಬ್ಬರು 12 ಅಂಕಿಗಳನ್ನು ಹೇಳುತ್ತಾರೆ. ಆಗ ನಾವು ಕೇಳಬೇಕಾದ ಪ್ರಶ್ನೆಗಳು ಮೂರು.

1. ಈ ಸಂಖ್ಯೆ ಸರಿಯಾದ ರೂಪದಲ್ಲಿದೆಯೇ?
2. ಈ ಸಂಖ್ಯೆ ನಿಜವಾಗಿ ಯಾರಿಗಾದರೂ ನೀಡಿದ್ದೇ?
3. ಎದುರಿಗಿರುವ ವ್ಯಕ್ತಿಯೇ ಅದರ ಒಡೆಯರೇ?

ತಾಳೆಯ ಅಂಕಿ ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಮನಸ್ಸಿಗೆ ಬಂದಂತೆ ಬರೆದ ಹತ್ತು ಸಂಖ್ಯೆಗಳಲ್ಲಿ ಸರಾಸರಿ ಒಂದು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ದೃಢೀಕರಣ ಬೇಕು. ಸಂಖ್ಯೆಯ ಜೊತೆಗೆ ಬೆರಳಚ್ಚನ್ನೋ ಓಟಿಪಿಯನ್ನೋ ಕಳುಹಿಸಿದರೆ ಕೇಂದ್ರ ದತ್ತಾಂಶ ಭಂಡಾರದಿಂದ ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರ ಬರುತ್ತದೆ. ಸಾಮಾನ್ಯ ದೃಢೀಕರಣದಲ್ಲಿ ಬರುವ ಉತ್ತರ ಅಷ್ಟೇ. ಹೆಸರು, ವಿಳಾಸ ಬರುವುದು ಇ-ಕೆವೈಸಿ ಎಂಬ ಬೇರೆ ವ್ಯವಸ್ಥೆಯಲ್ಲಿ.

ಈಗ ನಮ್ಮ ಕಚೇರಿಗಳ ರೂಢಿಯನ್ನು ಈ ಮೂರು ಪ್ರಶ್ನೆಗಳ ಎದುರು ಇಟ್ಟು ನೋಡೋಣ. ನಾವು ಎಲ್ಲೆಡೆ ಕೊಡುವುದು ಝೆರಾಕ್ಸ್ ಪ್ರತಿ. ಅದರಿಂದ ಯಾವ ಪ್ರಶ್ನೆಗೆ ಉತ್ತರ ಸಿಕ್ಕಿತು? ಕಂಪ್ಯೂಟರಿನಲ್ಲಿ ಹೆಸರು ಬದಲಾಯಿಸಿ ಮುದ್ರಿಸಿದ ಕಾರ್ಡಿನ ಝೆರಾಕ್ಸೂ ಹಾಗೆಯೇ ಕಾಣುತ್ತದೆ. ಅಂದರೆ ಝೆರಾಕ್ಸ್ ಏನನ್ನೂ ಖಚಿತಪಡಿಸುವುದಿಲ್ಲ. ಆದರೆ ಹೆಸರು, ಹುಟ್ಟಿದ ದಿನ, ವಿಳಾಸ, ಚಿತ್ರ, ಸಂಖ್ಯೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬಿಟ್ಟುಕೊಡುತ್ತದೆ. ಕಾರ್ಡಿನ ಮೇಲಿರುವ ಕ್ಯೂಆರ್ ಸಂಕೇತದಲ್ಲಿ ಪ್ರಾಧಿಕಾರದ ಡಿಜಿಟಲ್ ಸಹಿ ಇರುತ್ತದೆ. ಪ್ರಾಧಿಕಾರದ ಆ್ಯಪ್‌ನಿಂದ ಅದನ್ನು ಸ್ಕ್ಯಾನ್ ಮಾಡಿದರೆ ಕಾರ್ಡಿನಲ್ಲಿರುವ ವಿವರ ತಿದ್ದಿದ್ದೋ ಅಲ್ಲವೋ ಗೊತ್ತಾಗುತ್ತದೆ, ಪ್ರತಿಯನ್ನು ಇಟ್ಟುಕೊಳ್ಳುವ ಅಗತ್ಯವೂ ಇರುವುದಿಲ್ಲ.

ಪ್ರಯೋಜನ ಎಲ್ಲಿಂದ ಬರುತ್ತದೆ

ಜನನ ಪ್ರಮಾಣಪತ್ರ, ಶಾಲಾ ದಾಖಲೆ, ಸ್ವಂತ ಮನೆಯ ಪತ್ರ ಯಾವುದೂ ಇಲ್ಲದ ಕುಟುಂಬಗಳಿಗೆ ಮೊದಲು ಬ್ಯಾಂಕ್ ಖಾತೆ ತೆರೆಯುವುದೇ ದೊಡ್ಡ ಕೆಲಸವಾಗಿತ್ತು. ದೇಶದಲ್ಲೆಲ್ಲ ನಡೆಯುವ ಒಂದು ಗುರುತು ಸಿಕ್ಕಿದ್ದು ಅಂಥವರಿಗೆ ನಿಜವಾದ ಲಾಭ. ದುಡಿಮೆಗಾಗಿ ಊರು ಬಿಟ್ಟು ಬೆಂಗಳೂರಿಗೋ ಗೋವಾಕ್ಕೋ ಹೋಗುವವರು ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಹೋದ ಊರಿನ ನ್ಯಾಯಬೆಲೆ ಅಂಗಡಿಯಲ್ಲೇ ರೇಷನ್ ಪಡೆಯಬಹುದು. ಪಡಿತರ ಚೀಟಿಗೆ ಆಧಾರ್ ಜೋಡಣೆಯಾಗಿರುವುದರಿಂದ ಇದು ಸಾಧ್ಯವಾಗಿದೆ. ವಿದ್ಯಾರ್ಥಿವೇತನ, ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಇವು ಮಧ್ಯವರ್ತಿಗಳಿಲ್ಲದೆ ನೇರ ಖಾತೆಗೆ ಬರುವುದೂ ಇದೇ ಜೋಡಣೆಯಿಂದ. ಒಂದೇ ವ್ಯಕ್ತಿಯ ಹೆಸರಿನಲ್ಲಿ ಎರಡು ಚೀಟಿಗಳಿದ್ದರೆ ಪತ್ತೆಯಾಗುತ್ತದೆ.

ಹಣ ಖಾತೆಗೆ ಬರುವ ಬಗೆಯನ್ನು ಮಕ್ಕಳಿಗೆ ಬಿಡಿಸಿ ಹೇಳಿದೆ, ಏಕೆಂದರೆ ‘ಸ್ಕಾಲರ್‌ಶಿಪ್ ಯಾವ ಖಾತೆಗೆ ಬಂತೋ ಗೊತ್ತಿಲ್ಲ’ ಎನ್ನುವವರು ಪ್ರತಿ ತರಗತಿಯಲ್ಲೂ ಇದ್ದಾರೆ. ಆಧಾರ್ ಮೂಲಕ ಕಳುಹಿಸಿದ ಹಣವು ಆ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ. ಹಳೆಯ ಪಾಸ್‌ಬುಕ್ ಹಿಡಿದು ಕಾಯುತ್ತಿದ್ದರೆ ಹಣ ಕಾಣುವುದಿಲ್ಲ. 2017ರಲ್ಲಿ ಒಂದು ಮೊಬೈಲ್ ಕಂಪನಿಯ ಸಿಮ್ ದೃಢೀಕರಣಕ್ಕೆ ಬೆರಳಚ್ಚು ಕೊಟ್ಟ ಅನೇಕ ಗ್ರಾಹಕರ ಹೆಸರಿನಲ್ಲಿ, ಅವರಿಗೆ ಸರಿಯಾಗಿ ತಿಳಿಸದೆಯೇ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆಯಲಾಗಿತ್ತು. ಅವರ ಅಡುಗೆ ಅನಿಲದ ಸಬ್ಸಿಡಿ ಆ ಹೊಸ ಖಾತೆಗಳಿಗೆ ಹೋಯಿತು. ಪ್ರಾಧಿಕಾರವು ಆ ಕಂಪನಿಯ ಇ-ಕೆವೈಸಿ ಅನುಮತಿಯನ್ನು ಆಗ ತಡೆಹಿಡಿಯಿತು. ಸುಲಭವಾಗಿ ಜೋಡಿಸುವ ವ್ಯವಸ್ಥೆ ನಮಗೆ ಗೊತ್ತಿಲ್ಲದೆಯೂ ಜೋಡಿಸಬಲ್ಲದು ಎಂಬುದಕ್ಕೆ ಇದು ತಕ್ಕ ಉದಾಹರಣೆ.

ಅಪಾಯ ಎಲ್ಲಿದೆ

ಮೊದಲನೆಯದು ಬೆರಳಚ್ಚು ಹೊಂದದಿರುವುದು. ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, “ಟೀಚರ್, ನಮ್ಮಜ್ಜೀದು ಬೆಟ್ಟು ತಗೊಳ್ಳಂಗಿಲ್ರಿ. ಕಳೆ ತಗದು ತಗದು ಗೆರಿ ಸವದಾವ್ರಿ. ರೇಷನ್‌ಗೆ ಎರಡೆರಡು ಸಲ ಹೋಗ್ತಾಳ್ರಿ” ಎಂದಳು. ಇದರ ಹಿಂದಿನ ವಿಜ್ಞಾನ ಹೀಗಿದೆ. ಯಂತ್ರವು ಎರಡು ಬೆರಳಚ್ಚುಗಳು ‘ಒಂದೇ’ ಎಂದು ಹೇಳುವುದಿಲ್ಲ, ‘ಇಷ್ಟು ಹೋಲುತ್ತವೆ’ ಎಂದು ಅಂಕ ಕೊಡುತ್ತದೆ. ಪಾಸಿನ ಅಂಕವನ್ನು ಹೆಚ್ಚಿಗೆ ಇಟ್ಟರೆ ನಿಜವಾದ ಫಲಾನುಭವಿಗಳೂ ಫೇಲಾಗುತ್ತಾರೆ, ಕಡಿಮೆ ಇಟ್ಟರೆ ಬೇರೆಯವರೂ ಪಾಸಾಗುತ್ತಾರೆ. ಎರಡೂ ತಪ್ಪುಗಳನ್ನು ಒಟ್ಟಿಗೆ ಸೊನ್ನೆ ಮಾಡಲಾಗದು. ಒಂದು ನ್ಯಾಯಬೆಲೆ ಅಂಗಡಿಯಲ್ಲಿ 600 ಚೀಟಿಗಳಿವೆ, ನೂರಕ್ಕೆ ಒಂದು ಬಾರಿ ಮಾತ್ರ ಯಂತ್ರ ಸೋಲುತ್ತದೆ ಎಂದು ಊಹಿಸಿಕೊಳ್ಳಿ. ತಿಂಗಳಿಗೆ ಆರು ಮನೆಗಳು ಅಕ್ಕಿಯಿಲ್ಲದೆ ಹಿಂತಿರುಗುತ್ತವೆ. ಶೇಕಡಾ 99 ಎಂಬ ಅಂಕಿಯನ್ನು ಆ ಆರು ಮನೆಗಳ ಕಡೆಯಿಂದ ನೋಡಲು ಮಕ್ಕಳಿಗೆ ಹೇಳಿದೆ. ಕಣ್ಣಿನ ಪಾಪೆ, ಓಟಿಪಿ ಮುಂತಾದ ಬದಲಿ ದಾರಿಗಳು ಅಂಗಡಿಯಲ್ಲಿ ನಿಜವಾಗಿ ಲಭ್ಯವಿರುವುದು ಏಕೆ ಮುಖ್ಯ ಎಂಬುದು ಆಗ ಅವರಿಗೇ ಹೊಳೆಯಿತು.

ಎರಡನೆಯದು ಬೆರಳಚ್ಚಿನ ಕಳವು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಹಣ ತೆಗೆಯಬಹುದು. ಬ್ಯಾಂಕಿಲ್ಲದ ಹಳ್ಳಿಯ ವೃದ್ಧರಿಗೆ ಇದು ದೊಡ್ಡ ಅನುಕೂಲ. ಆದರೆ 2023ರಲ್ಲಿ ನಮ್ಮ ರಾಜ್ಯದಲ್ಲೇ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಖಾತೆಯಿಂದ ಹಣ ತೆಗೆದ ದೂರುಗಳು ಪೊಲೀಸರಿಗೆ ಬಂದವು. ಪಾಸ್‌ವರ್ಡ್ ಕಳೆದರೆ ಹೊಸದು ಇಟ್ಟುಕೊಳ್ಳಬಹುದು, ಬೆರಳನ್ನು ಬದಲಾಯಿಸಲಾಗದು.

ಇಲ್ಲಿ ಎಸ್ಟೋನಿಯಾ ದೇಶದ ಉದಾಹರಣೆ ಹೋಲಿಕೆಗೆ ಒದಗುತ್ತದೆ. ಅಲ್ಲಿನ ಗುರುತಿನ ಚೀಟಿಯಲ್ಲಿ ಚಿಪ್ ಇರುತ್ತದೆ. ಅದರೊಳಗಿನ ಗುಪ್ತ ಕೀಲಿ ಮತ್ತು ಒಡೆಯರಿಗೆ ಗೊತ್ತಿರುವ ಪಿನ್ ಸೇರಿ ಕೆಲಸ ಮಾಡುತ್ತವೆ. 2017ರಲ್ಲಿ ಆ ಚಿಪ್ಪಿನಲ್ಲಿ ದೋಷ ಕಂಡುಬಂದಾಗ ಸುಮಾರು 7,60,000 ಚೀಟಿಗಳು ಅಪಾಯಕ್ಕೆ ಸಿಲುಕಿದವು. ಸರ್ಕಾರ ಆ ಪ್ರಮಾಣಪತ್ರಗಳನ್ನು ಅಮಾನತಿನಲ್ಲಿಟ್ಟು, ನವೀಕರಿಸಿಕೊಳ್ಳುವ ವ್ಯವಸ್ಥೆ ಮಾಡಿತು. ಯಾವ ವ್ಯವಸ್ಥೆಯಲ್ಲೂ ದೋಷ ಬರಬಹುದು. ದೋಷ ಬಂದಾಗ ಬದಲಾಯಿಸಲು ಸಾಧ್ಯವೇ ಎಂಬುದನ್ನು ಮುಂಚೆಯೇ ಯೋಚಿಸಿರಬೇಕು. ಆಧಾರ್‌ನಲ್ಲಿ ಬೆರಳಚ್ಚು ಬಳಕೆಯನ್ನು ಲಾಕ್ ಮಾಡುವ ಸೌಲಭ್ಯ ಇರುವುದು ಇಂಥ ಅಪಾಯಕ್ಕಾಗಿಯೇ. ಆದರೆ ಲಾಕ್ ಮಾಡಿದವರ ಬೆರಳಚ್ಚನ್ನು ರೇಷನ್ ಅಂಗಡಿಯ ಯಂತ್ರವೂ ಒಪ್ಪುವುದಿಲ್ಲ, ಮೊದಲು ಅನ್‌ಲಾಕ್ ಮಾಡಬೇಕು ಎಂಬುದನ್ನೂ ಮನೆಯವರಿಗೆ ತಿಳಿಸಲು ಹೇಳಬೇಕು.

ಮೂರನೆಯದು ಪಟ್ಟಿಗಳ ಸೋರಿಕೆ. ಆಧಾರ್ ಸೋರಿಕೆ ಎಂದ ಕೂಡಲೇ ಕೇಂದ್ರ ಭಂಡಾರಕ್ಕೆ ಕನ್ನ ಹಾಕುವ ದೃಶ್ಯ ನಮ್ಮ ಕಣ್ಣಮುಂದೆ ಬರುತ್ತದೆ. 2017ರಲ್ಲಿ ಪ್ರಾಧಿಕಾರವೇ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಕೊಟ್ಟ ಉತ್ತರ ಬೇರೆಯದನ್ನು ಹೇಳುತ್ತದೆ. ಕೇಂದ್ರ ಮತ್ತು ರಾಜ್ಯ ಇಲಾಖೆಗಳ ಸುಮಾರು 210 ಜಾಲತಾಣಗಳಲ್ಲಿ ಫಲಾನುಭವಿಗಳ ಹೆಸರು, ವಿಳಾಸ, ಆಧಾರ್ ಸಂಖ್ಯೆಗಳು ಬಹಿರಂಗವಾಗಿ ಪ್ರಕಟವಾಗಿದ್ದವು. ಅವುಗಳಲ್ಲಿ ಶಿಕ್ಷಣ ಸಂಸ್ಥೆಗಳ ತಾಣಗಳೂ ಇದ್ದವು. ಅವನ್ನು ಯಾರೂ ಕದ್ದಿರಲಿಲ್ಲ. ಪಟ್ಟಿ ತಯಾರಿಸಿದವರೇ ಪ್ರಕಟಿಸಿದ್ದರು.

ನ್ಯಾಯಾಲಯ ಮತ್ತು ಕಾಯ್ದೆ

ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಪ್ರಕರಣದಲ್ಲಿ ಎರಡು ಮುಖ್ಯ ತೀರ್ಪುಗಳು ಬಂದವು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಸರ್ವಾನುಮತದಿಂದ ಹೇಳಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠವು 4–1 ಬಹುಮತದಿಂದ ಆಧಾರ್ ಕಾಯ್ದೆಯನ್ನು ಎತ್ತಿಹಿಡಿಯಿತು, ಆದರೆ ಮಿತಿಗಳನ್ನು ಹಾಕಿತು. ಬ್ಯಾಂಕ್ ಖಾತೆ ಮತ್ತು ಮೊಬೈಲ್ ಸಂಖ್ಯೆಗೆ ಆಧಾರ್ ಕಡ್ಡಾಯ ಜೋಡಣೆಯನ್ನು ರದ್ದುಪಡಿಸಿತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಭಿನ್ನ ತೀರ್ಪು ಬರೆದು ಇಡೀ ಕಾಯ್ದೆಯನ್ನೇ ಒಪ್ಪಲಿಲ್ಲ.

ಶಿಕ್ಷಕರಾಗುವ ನಾವು ಬಹುಮತದ ತೀರ್ಪಿನಲ್ಲಿ ನೆನಪಿಡಬೇಕಾದ ಅಂಶಗಳು ಇವು. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ, ಏಕೆಂದರೆ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಸಂವಿಧಾನದ 21ಎ ವಿಧಿಯ ಹಕ್ಕು, ಅದು ಸಬ್ಸಿಡಿಯಲ್ಲ. ಮಗುವಿನ ಆಧಾರ್ ನೋಂದಣಿಗೆ ಪೋಷಕರ ಸಮ್ಮತಿ ಬೇಕು. ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಯೋಜನೆಯ ಪ್ರಯೋಜನ ತಪ್ಪಬಾರದು. 2019ರ ತಿದ್ದುಪಡಿಯ ಪ್ರಕಾರ 18 ತುಂಬಿದ ಆರು ತಿಂಗಳೊಳಗೆ ತಮ್ಮ ಆಧಾರ್ ರದ್ದುಪಡಿಸಲು ಅರ್ಜಿ ಹಾಕುವ ಅವಕಾಶವಿದೆ. ಆಧಾರ್ ಕಾಯ್ದೆಯ 29ನೇ ಕಲಂ ಆಧಾರ್ ಸಂಖ್ಯೆಗಳನ್ನು ಬಹಿರಂಗವಾಗಿ ಪ್ರಕಟಿಸುವುದನ್ನು ನಿರ್ಬಂಧಿಸುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ದತ್ತಾಂಶ ಬಳಕೆಗೆ ಪೋಷಕರ ಸಮ್ಮತಿ ಕೇಳುತ್ತದೆ.

ಶಾಲೆಯಲ್ಲಿ ನಾವು ಮಾಡಬಹುದಾದದ್ದು

ಇಷ್ಟೆಲ್ಲ ತಿಳಿದ ಮೇಲೆ ಶಾಲೆಯ ಬೀರುವಿನಲ್ಲಿರುವ ಝೆರಾಕ್ಸ್ ಕಟ್ಟು ಬೇರೆಯಾಗಿ ಕಾಣುತ್ತದೆ. ಒಂದು ತರಗತಿಯ ಆಧಾರ್ ಪಟ್ಟಿಯಲ್ಲಿ ಐವತ್ತು ಮಕ್ಕಳ, ಅವರ ತಂದೆ-ತಾಯಿಯ ವಿವರಗಳಿರುತ್ತವೆ. ಅದನ್ನು ಕಾಪಾಡಲು ತಂತ್ರಜ್ಞಾನದ ಪದವಿ ಬೇಕಿಲ್ಲ. ಮಾರ್ಗದರ್ಶಕ ಶಿಕ್ಷಕರೊಂದಿಗೆ ಚರ್ಚಿಸಿ ನಾನು ಮಾಡಿಕೊಂಡ ಪಟ್ಟಿ ಹೀಗಿದೆ.

- ಕೇಳುವ ಮೊದಲು, ಯಾವ ಕೆಲಸಕ್ಕೆ ಬೇಕು ಎಂಬುದನ್ನು ಪೋಷಕರಿಗೆ ಕನ್ನಡದಲ್ಲಿ ಬರೆದು ತಿಳಿಸುವುದು. ಸಮ್ಮತಿ ಪತ್ರವನ್ನು ಮಕ್ಕಳ ಕೈಯಲ್ಲೇ ಸಹಿ ಹಾಕಿಸದಿರುವುದು.
- ನೋಡಿದರೆ ಸಾಕಾಗುವ ಕಡೆ ಪ್ರತಿ ಕೇಳದಿರುವುದು. ಪ್ರತಿ ಬೇಕೇ ಬೇಕಾದರೆ, ಇಲಾಖೆಯ ಸೂಚನೆ ಒಪ್ಪುವ ಕಡೆಗಳಲ್ಲಿ, ಮೊದಲ ಎಂಟು ಅಂಕಿ ಮರೆಮಾಡಿದ ಆಧಾರ್ ಪ್ರತಿಯನ್ನು ಪಡೆಯುವುದು.
- ಪ್ರತಿಯ ಮೇಲೆ ಉದ್ದೇಶ ಮತ್ತು ದಿನಾಂಕವನ್ನು ಅಡ್ಡಲಾಗಿ ಬರೆಸುವುದು.
- ಆಧಾರ್ ಪಟ್ಟಿಯ ಫೋಟೊವನ್ನು ವಾಟ್ಸಾಪ್ ಗುಂಪಿಗೆ ಹಾಕದಿರುವುದು, ಸೂಚನಾ ಫಲಕಕ್ಕೆ ಅಂಟಿಸದಿರುವುದು.
- ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿದ ಮೇಲೆ ಅಲ್ಲಿನ ಕಂಪ್ಯೂಟರಿನಿಂದ ಫೈಲುಗಳನ್ನು ಅಳಿಸಿ ಬರುವುದು.
- ಕೆಲಸ ಮುಗಿದ ಪ್ರತಿಗಳನ್ನು ರದ್ದಿಗೆ ಹಾಕದೆ, ಮುಖ್ಯ ಶಿಕ್ಷಕರ ಅನುಮತಿ ಪಡೆದು ಹರಿದು ನಾಶಪಡಿಸುವುದು.
- ಆಧಾರ್ ಇಲ್ಲದ ಮಗುವಿನ ಹೆಸರನ್ನು ತರಗತಿಯಲ್ಲಿ ಎಲ್ಲರ ಮುಂದೆ ಕೂಗಿ ಕೇಳದಿರುವುದು.

ಇದರಲ್ಲಿ ಕೆಲವು ಅಂಶಗಳು ಶಾಲೆಯ ಕೈಮೀರಿದವು ಎಂಬ ಆಕ್ಷೇಪ ಬಂತು. ಮೇಲಿನ ಕಚೇರಿಯಿಂದ ‘ಇಂದು ಸಂಜೆಯೊಳಗೆ ಪಟ್ಟಿ ಕಳುಹಿಸಿ’ ಎಂದು ಬಂದರೆ ಶಿಕ್ಷಕರು ವಾಟ್ಸಾಪ್ ಬಿಟ್ಟು ಇನ್ನೇನು ಮಾಡಬೇಕು ಎಂದು ಹಿರಿಯ ಶಿಕ್ಷಕರೊಬ್ಬರು ಕೇಳಿದರು. ಇದು ನ್ಯಾಯವಾದ ಪ್ರಶ್ನೆ. ಆದರೂ ಒಂದು ಕೆಲಸ ಸಾಧ್ಯ. ಕೇಳಿದ್ದು ಸಂಖ್ಯೆಯನ್ನೋ ಅಥವಾ ‘ಎಷ್ಟು ಮಕ್ಕಳಿಗೆ ಆಧಾರ್ ಇದೆ’ ಎಂಬ ಲೆಕ್ಕವನ್ನೋ ಎಂದು ವಿಚಾರಿಸಬಹುದು. ಲೆಕ್ಕ ಮಾತ್ರ ಬೇಕಾಗಿದ್ದರೆ ಪಟ್ಟಿ ಕಳುಹಿಸುವ ಅಗತ್ಯವೇ ಇಲ್ಲ.

ತರಗತಿಗೆ ಚಟುವಟಿಕೆ

ಎರಡನೇ ಅವಧಿಯಲ್ಲಿ ಗುಂಪುಗಳಿಗೆ ಐದು ಸಂದರ್ಭಗಳ ಚೀಟಿ ಕೊಟ್ಟೆ: ನ್ಯಾಯಬೆಲೆ ಅಂಗಡಿ, ಊರಿನ ಕ್ರೀಡಾಕೂಟದ ನೋಂದಣಿ, ಪ್ರವಾಸದಲ್ಲಿ ವಸತಿಗೃಹ, ವಿದ್ಯಾರ್ಥಿವೇತನ, ಫೋನಿನಲ್ಲಿ ‘ಬ್ಯಾಂಕಿನವರು’ ಎಂದು ಹೇಳಿಕೊಂಡು ಓಟಿಪಿ ಕೇಳುವ ಅಪರಿಚಿತರು. ಪ್ರತಿ ಗುಂಪು ಮೂರು ಕಾಲಂ ತುಂಬಬೇಕು: ಇಲ್ಲಿ ಏನು ಸಾಬೀತಾಗಬೇಕು? ಎಷ್ಟು ವಿವರ ಸಾಕು? ಹೆಚ್ಚು ಕೊಟ್ಟರೆ ಏನಾಗಬಹುದು? ಕ್ರೀಡಾಕೂಟದ ಗುಂಪಿನವರು, ವಯಸ್ಸು ಗೊತ್ತಾದರೆ ಸಾಕು, ಅದಕ್ಕೆ ಶಾಲೆಯ ಪ್ರಮಾಣಪತ್ರ ಕೊಡಬಹುದು ಎಂದು ತಾವಾಗಿಯೇ ಬರೆದರು. ಈ ಚಟುವಟಿಕೆಗೆ ಮಕ್ಕಳ ನಿಜವಾದ ಆಧಾರ್ ಸಂಖ್ಯೆಗಳನ್ನು ಬಳಸಬಾರದು. ಗಣಿತದ ಭಾಗಕ್ಕೆ ನಾಲ್ಕು ಅಂಕಿಯ ಕಲ್ಪಿತ ಸಂಖ್ಯೆಗಳೇ ಸಾಕು. ಈ ಪಾಠ ಮಾಡುವ ಇತರ ಪ್ರಶಿಕ್ಷಣಾರ್ಥಿಗಳು ಮೌಲ್ಯಮಾಪನಕ್ಕೂ ಅದೇ ಮೂರು ಕಾಲಂಗಳನ್ನು ಬಳಸಬಹುದು. ಸಂದರ್ಭಗಳನ್ನು ಮಾತ್ರ ತಮ್ಮ ಶಾಲೆಯ ಸುತ್ತಲಿನ ಬದುಕಿನಿಂದ ಆರಿಸಿಕೊಳ್ಳಲಿ.